ಕಟ್ಟಿನೊಳಗಿನ ಕೊಸರು

ದೊಡ್ಡಬಳ್ಳಾಪುರ
6 ಜನವರಿ 2025

ಮುನಿಲಕ್ಷ್ಮಮ್ಮ ಸಿಸ್ಟರ್ ಅವರಿಗೆ ವಾಣಿಶ್ರೀಯ ನಮಸ್ಕಾರ.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ, ಇವಳಿಗೆ ತಲೆ ಕೆಟ್ಟಿದೆಯೇ ಎಂದು ನಗಬೇಡಿ. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ವಾಟ್ಸಾಪ್ ಕಳಿಸಿದರೆ ನಿಮ್ಮ ಅಳಿಯಂದಿರ ಫೋನಿಗೆ ಹೋಗುತ್ತದೆ, ಅವರು ಹಾಲಿನ ಡೈರಿ ಮುಂದೆ ನಿಂತು ನಿಮಗೆ ಕೂಗಿ ಹೇಳಿದರೆ ಇಡೀ ಸೂಲಿಬೆಲೆಗೆ ಗೊತ್ತಾಗುತ್ತದೆ. ಅದಕ್ಕೇ ಡ್ರೈವರ್ ಕೆಂಪರಾಜಣ್ಣನ ಬಸ್ಸು. ಬೆಳಿಗ್ಗೆ ಇಲ್ಲಿ ಅವನ ಕೈಗೆ ಕೊಟ್ಟರೆ ಮಧ್ಯಾಹ್ನಕ್ಕೆ ನಿಮ್ಮ ಕೈಯಲ್ಲಿರುತ್ತದೆ.

ವಿಷಯ ಏನೆಂದರೆ, ನಮ್ಮ ನರ್ಸಿಂಗ್ ಹೋಮಿಗೆ ಯಾವುದೋ ಸರ್ಟಿಫಿಕೇಟ್ ತರಬೇಕೆಂದು ವಿಜಯ್ ಡಾಕ್ಟರ್ ಓಡಾಡುತ್ತಿದ್ದಾರೆ. ತಪಾಸಣೆಗೆ ಜನ ಬರುತ್ತಾರಂತೆ. ಆಪರೇಷನ್ ಥಿಯೇಟರಿನ ಗೋಡೆಗೆ ಎಣಿಕೆಯ ನಿಯಮಗಳನ್ನು ಕನ್ನಡದಲ್ಲಿ ಬರೆದು ಹಾಕಬೇಕು. ಆ ಕೆಲಸ ನನ್ನ ತಲೆಗೆ ಬಿತ್ತು. ಈಗ ಥಿಯೇಟರಿನಲ್ಲಿ ನಾನೇ ಹಿರಿಯಳು ನೋಡಿ, ಜೊತೆಗಿರುವವಳು ಚೈತ್ರ ಎಂಬ ಹೊಸ ಹುಡುಗಿ. ಕತ್ತರಿ, ಸೂಜಿ, ರಕ್ತ ಒತ್ತುವ ಮಾಪ್ ಬಟ್ಟೆ, ಎಲ್ಲವನ್ನೂ ಹೇಗೆ ಎಣಿಸಬೇಕೆಂದು ನಿಮ್ಮ ಮಾತಿನಲ್ಲೇ ಬರೆದು ಕಳಿಸಿ. ನೀವು ಬೈದು ಕಲಿಸಿದ್ದರಲ್ಲಿ ಬೈಗುಳ ನೆನಪಿದೆ, ಪಾಠ ಅರ್ಧ ಮರೆತಿದೆ.

ಅಮ್ಮಯಮ್ಮ ನಿಮ್ಮನ್ನು ಕೇಳಿದಳು ಎಂದು ಹೇಳು ಎಂದಳು. ಆಸ್ಪತ್ರೆಯ ಬಟ್ಟೆ ಹೊಲಿಯುವ ಆ ಹಳೆಯ ಮೆಷಿನ್ ಅವಳು ಇನ್ನೂ ಬಿಟ್ಟಿಲ್ಲ. ಕಂಪನಿ ಮಾಪ್ ಮುಗಿದಾಗ ಅವಳು ಹೊಲಿದು ಕಟ್ಟಿಟ್ಟವೇ ಗತಿ.

ನಿಮ್ಮ
ವಾಣಿಶ್ರೀ


ಸೂಲಿಬೆಲೆ
8 ಜನವರಿ 2025

ವಾಣಿ,

ಕಾಗದ ಬಂತು. ನಿನ್ನ ಅಕ್ಷರ ಇನ್ನೂ ಕಾಗೆಕಾಲು ಗುಬ್ಬಿಕಾಲೇ. ಬೋರ್ಡನ್ನು ಚೈತ್ರಳ ಕೈಲಿ ಬರೆಸು, ತಪಾಸಣೆಯವರು ಹೆದರಿ ಓಡಿಹೋದಾರು.

ಗೋಡೆಗೆ ಬರೆಯುವುದು ಸುಲಭ ಕಣಮ್ಮ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಆಗಬಾರದು ಅಷ್ಟೇ. ಕೇಳು. ಎಣಿಸುವವರು ಇಬ್ಬರಿರಬೇಕು, ಇಬ್ಬರ ಬಾಯಿಯಿಂದಲೂ ಅಂಕಿ ಜೋರಾಗಿ ಬರಬೇಕು. ಒಬ್ಬಳು ಎಣಿಸಿ ಇನ್ನೊಬ್ಬಳು "ಹೂಂ" ಅಂದರೆ ಅದು ಎಣಿಕೆಯಲ್ಲ, ಕಥೆ ಕೇಳುವುದು. ಕೊಯ್ಯುವ ಮೊದಲು ಎಣಿಸು, ಗರ್ಭಕೋಶ ಮುಚ್ಚುವಾಗ ಎಣಿಸು, ಹೊಟ್ಟೆ ಮುಚ್ಚುವಾಗ ಎಣಿಸು, ಚರ್ಮಕ್ಕೆ ಹೊಲಿಗೆ ಹಾಕುವಾಗ ಮತ್ತೆ ಎಣಿಸು. ನಡುವೆ ಡಾಕ್ಟರ್ "ಬೇಗ ಬೇಗ" ಅಂದರೆ ನಿನಗೂ ನನ್ನ ಹಾಗೆ ಕಿವಿ ಕೇಳಿಸುವುದಿಲ್ಲ ಎಂದುಕೋ. ಒಂದೊಂದು ಬಟ್ಟೆಯನ್ನೂ ಬೇರೆ ಮಾಡಿ, ದಾರ ಹಿಡಿದು ಎತ್ತಿ ಎಣಿಸು. ಕಡಿಮೆ ಬಂದರೆ ಎಲ್ಲರೂ ಹೆದರುತ್ತಾರೆ. ಒಂದು ಹೆಚ್ಚು ಬಂದರೂ ಹೆದರು. ಹೆಚ್ಚು ಬಂತೆಂದರೆ ಮೊದಲು ಎಣಿಸಿದ್ದು ಸುಳ್ಳು ಎಂದರ್ಥ.

ನನ್ನ ಕಾಲದಲ್ಲಿ ಸರಿಯಾಗಿ ಎಣಿಸದ ಹುಡುಗಿಯರನ್ನು ನಾನು ಹೇಗೆ ಹಿಡಿಯುತ್ತಿದ್ದೆ ಗೊತ್ತೇ? ಗೊತ್ತಿರಲಾರದು. ಆ ಗುಟ್ಟು ನನಗೂ ಇನ್ನೊಬ್ಬಳಿಗೂ ಮಾತ್ರ ಗೊತ್ತು. ನೀನು ಬರುವ ಹೊತ್ತಿಗೆ ಕಂಪನಿ ಪ್ಯಾಕೆಟ್ ಬಂದು ನನ್ನ ಆಟ ನಿಂತುಹೋಗಿತ್ತು.

ಅಮ್ಮಯ್ಯಳಿಗೆ ಹೇಳು, ಮಂಡಿ ನೋವಿಗೆ ಎಣ್ಣೆ ಕಳಿಸುತ್ತೇನೆ.

ಮುನಿಲಕ್ಷ್ಮಮ್ಮ


ದೊಡ್ಡಬಳ್ಳಾಪುರ
11 ಜನವರಿ 2025

ಸಿಸ್ಟರ್,

ಬೋರ್ಡು ಗೋಡೆಗೆ ಏರಿತು. ಚೈತ್ರಳೇ ನೀಲಿ ಬಣ್ಣದಲ್ಲಿ ಬರೆದಳು. ಡಾಕ್ಟರಿಗೆ ತುಂಬ ಹಿಡಿಸಿತು, ಫೋಟೋ ತೆಗೆದುಕೊಂಡರು.

ಒಂದು ಸಣ್ಣ ಅನುಮಾನ. ಮೊದಲ ಎಣಿಕೆ ಇಪ್ಪತ್ತು, ಕೊನೆಯ ಎಣಿಕೆಯೂ ಇಪ್ಪತ್ತು ಎಂದಿಟ್ಟುಕೊಳ್ಳಿ. ಇಬ್ಬರೂ ಸಹಿ ಮಾಡಿದ್ದಾರೆ. ಆದರೂ ಒಳಗೆ ಒಂದು ಉಳಿದಿರಲು ಸಾಧ್ಯವೇ? ಸುಮ್ಮನೆ ಕೇಳಿದೆ. ತಪಾಸಣೆಯವರು ಇಂಥ ಪ್ರಶ್ನೆ ಕೇಳುತ್ತಾರಂತೆ.

ಬೇರೆ ವಿಶೇಷ ಇಲ್ಲ. ಗುರುವಾರ ಇಲ್ಲೇ ಪಕ್ಕದ ಮಧುರೆ ಕಡೆಯ ಹುಡುಗಿಗೆ ಸಿಸೇರಿಯನ್ ಆಯಿತು. ಕೀರ್ತನ ಎಂದು ಹೆಸರು, ಇಪ್ಪತ್ನಾಲ್ಕು ವರ್ಷ, ಗಂಡು ಮಗು. ರಕ್ತ ಸ್ವಲ್ಪ ಜಾಸ್ತಿಯೇ ಹೋಯಿತು, ಥಿಯೇಟರಿನಲ್ಲಿ ಗಡಿಬಿಡಿ. ನಿನ್ನೆಯಿಂದ ಸಣ್ಣ ಜ್ವರ. ಹೊಟ್ಟೆ ಉಬ್ಬಿದೆ. ಗ್ಯಾಸು ಎಂದರು ಡಾಕ್ಟರ್. ಅವಳ ತಾಯಿ ಮುನಿರತ್ನಮ್ಮ ಬಾಗಿಲಲ್ಲೇ ಕೂತಿರುತ್ತಾರೆ. ನಾನು ಹೋದಾಗೆಲ್ಲ ಆ ಹುಡುಗಿ, "ಅಕ್ಕಾ, ಒಳಗೆ ಏನೋ ಎಳ್ದಂಗ್ ಆಗ್ತೈತೆ ಅಕ್ಕಾ" ಎನ್ನುತ್ತಾಳೆ.

ವಾಣಿ


ಸೂಲಿಬೆಲೆ
12 ಜನವರಿ 2025

ವಾಣಿ,

ಇದೇನು, ಜಾಣೆಯಾಗಿಬಿಟ್ಟೆ? ಎರಡು ಸಲ ಕೈಯಾರೆ ಎಣಿಸಿ ಇಪ್ಪತ್ತು ಬಂದರೆ ಇಪ್ಪತ್ತೇ. ಬಟ್ಟೆ ಮರಿ ಹಾಕುವುದಿಲ್ಲ. ಚೈತ್ರಳ ಮೇಲೆ ಅನುಮಾನವೇನು ನಿನಗೆ? ಹೊಸ ಹುಡುಗಿ, ಕಣ್ಣು ಮೊಬೈಲಿನಲ್ಲಿರಬಹುದು. ಹಿರಿಯಳಾದೆ ಎಂದು ಕಿರಿಯರ ಸಹಿ ಮೇಲೆ ಅನುಮಾನ ಪಡುವುದು ಒಳ್ಳೆಯದೇ, ಆದರೆ ಅವಳ ಮುಂದೆಯೇ ಕೇಳು, ನನ್ನ ಹತ್ತಿರ ಚಾಡಿ ಹೇಳಬೇಡ.

ಕಾಗದ ಮಡಿಸಿಟ್ಟ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಗ್ಯಾಸಿಗೆ ಜ್ವರ ಬರುವುದಿಲ್ಲ. ಆ ಕೀರ್ತನಳ ಆಪರೇಷನ್ನಿನಲ್ಲಿ ಎಣಿಸಿದವರು ಯಾರು? ಒಂದೊಂದಾಗಿ ಎಣಿಸಿದರೋ, ಕಟ್ಟು ಎಣಿಸಿದರೋ? ಕೆಂಪರಾಜುವಿನ ಮೊದಲ ಟ್ರಿಪ್ಪಿಗೇ ಉತ್ತರ ಕೊಡು.

ಮುನಿಲಕ್ಷ್ಮಮ್ಮ


ದೊಡ್ಡಬಳ್ಳಾಪುರ
13 ಜನವರಿ 2025, ಬೆಳಿಗ್ಗೆ

ಸಿಸ್ಟರ್,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ಚೈತ್ರ ಅಲ್ಲ. ಎಣಿಸಿದವಳು ನಾನು.

ಕಂಪನಿ ಮಾಪಿನ ಪ್ಯಾಕೆಟ್ಟಿನಲ್ಲಿ ಯಾವತ್ತೂ ಐದೇ ಇರುತ್ತವೆ. ಸೀಲು ಹಾಕಿ ಬರುತ್ತವೆ. ದಿನಕ್ಕೆ ನಾಲ್ಕು ಆಪರೇಷನ್, ಎಣಿಸಿ ಎಣಿಸಿ ಸಾಕಾಗಿ ಪ್ಯಾಕೆಟ್ ಎಣಿಸುವುದೇ ರೂಢಿಯಾಯಿತು. ಗುರುವಾರ ಕಂಪನಿ ಸ್ಟಾಕು ಮುಗಿದಿತ್ತು. ಅಮ್ಮಯಮ್ಮನ ಕಟ್ಟುಗಳು ಬಂದವು. ನಾಲ್ಕು ಕಟ್ಟು. ನಾನು ಬಿಚ್ಚದೆ "ಇಪ್ಪತ್ತು" ಎಂದೆ. ಚೈತ್ರ "ಇಪ್ಪತ್ತು" ಎಂದು ಬರೆದಳು. ಕೊನೆಯಲ್ಲಿ ರಕ್ತವಾದ ಬಟ್ಟೆಗಳನ್ನು ಒಂದೊಂದಾಗಿಯೇ ಎಣಿಸಿದೆವು. ಇಪ್ಪತ್ತು ಬಂತು. ನೆಮ್ಮದಿಯಾಗಿ ಸಹಿ ಹಾಕಿದೆ.

ಶನಿವಾರ ನಿಮಗೆ ಕಾಗದ ಬರೆಯುವ ಮೊದಲು ಅಮ್ಮಯಮ್ಮ ಬಟ್ಟೆ ಕಟ್ಟುತ್ತಿದ್ದುದನ್ನು ನೋಡಿದೆ. ಐದು ಮಡಿಸಿದಳು, ಆಮೇಲೆ ಇನ್ನೊಂದು ಮೇಲಿಟ್ಟು ದಾರ ಸುತ್ತಿದಳು. ಏನಮ್ಮಯ್ಯ ಇದು ಎಂದರೆ, "ಕೊಸರು ಕಣವ್ವ. ಸೊಪ್ಪು ಮಾರ್ತಿದ್ದಾಗ್ಲೂ ನಾನು ಕೊಸರು ಹಾಕ್ದೆ ಕೊಟ್ಟೋಳಲ್ಲ. ನಾಲ್ಕು ಕಟ್ಗೆ ಒಂದು. ಯಾವತ್ತಿಂದ್ಲೂ ಹಿಂಗೇಯ" ಎಂದಳು.

ಅಂದರೆ ಅವತ್ತು ಟೇಬಲ್ಲಿನ ಮೇಲಿದ್ದದ್ದು ಇಪ್ಪತ್ತೊಂದು.

ಹಿಂದೆ ಎರಡು ಸಲ ಕೊನೆಯಲ್ಲಿ ಒಂದು ಹೆಚ್ಚು ಬಂದಿತ್ತು. ಹೆಚ್ಚಾದರೆ ಏನು ಬಿಡು ಎಂದು ನಕ್ಕು ಶೀಟು ತಿದ್ದಿದ್ದೆವು. ನಿಮ್ಮ ಮಾತು ಗೋಡೆಯ ಮೇಲಿದೆ, ಈಗ ಆ ಕಡೆ ಮುಖ ತಿರುಗಿಸದೆ ಓಡಾಡುತ್ತೇನೆ.

ಕೀರ್ತನಳಿಗೆ ನಿನ್ನೆ ಜ್ವರ ನೂರಾ ಎರಡು. ಮಗುವಿಗೆ ಹಾಲು ಕೊಡಲು ತಿರುಗಲಾಗುತ್ತಿಲ್ಲ. ಹೇಗೋ ಧೈರ್ಯ ಮಾಡಿ ಡಾಕ್ಟರ ಹತ್ತಿರ ಒಂದು ಎಕ್ಸ್‌ರೇ ತೆಗೆಸೋಣ ಸಾರ್ ಎಂದೆ, ಕಾರಣ ಹೇಳಲಿಲ್ಲ. ತೆಗೆಸಿದರು. ಏನೂ ಇಲ್ಲ. "ನೋಡಿದ್ಯಾ, ಕ್ಲೀನಾಗಿದೆ" ಎಂದರು. ಹಾಗಾದರೆ ಒಳಗೆ ಏನೂ ಇಲ್ಲ ಎಂದೇ ಅಲ್ಲವೇ ಸಿಸ್ಟರ್? ಇಲ್ಲ ಎಂದು ಬರೆಯಿರಿ.

ವಾಣಿ


ಸೂಲಿಬೆಲೆ
13 ಜನವರಿ 2025, ಮಧ್ಯಾಹ್ನ

ವಾಣಿ,

ಅಳಿಯನ ಕೈಲಿ ಮೂರು ಸಲ ಫೋನ್ ಮಾಡಿಸಿದೆ, ನೀನು ಎತ್ತಲಿಲ್ಲ. ಊರಿಗೆಲ್ಲ ಗೊತ್ತಾದರೆ ಗೊತ್ತಾಗಲಿ. ಕೆಂಪರಾಜು ಬಸ್ ತಿರುಗಿಸುತ್ತಿದ್ದಾನೆ, ನಿಂತುಕೊಂಡೇ ಬರೆಯುತ್ತಿದ್ದೇನೆ.

ಕಂಪನಿ ಮಾಪಿನಲ್ಲಿ ಒಂದು ನೀಲಿ ಗೆರೆ ಇರುತ್ತದೆಯಲ್ಲ, ಎಕ್ಸ್‌ರೇಗೆ ಕಾಣುವುದು ಆ ಗೆರೆ, ಬಟ್ಟೆ ಅಲ್ಲ. ಅಮ್ಮಯ್ಯ ಹೊಲಿಯುವುದು ಬರೀ ಗಾಜ್, ಗಾಯಕ್ಕೆ ಕಟ್ಟುವ ಜಾಳು ಬಟ್ಟೆ. ಅದರಲ್ಲಿ ಗೆರೆ ಇಲ್ಲ. ಎಕ್ಸ್‌ರೇ ಹತ್ತು ತೆಗೆದರೂ ಕ್ಲೀನಾಗಿಯೇ ಕಾಣುತ್ತದೆ. ಸಿ.ಟಿ. ಸ್ಕ್ಯಾನ್ ಆಗಬೇಕು. ಇವತ್ತೇ ಆಗಬೇಕು.

ಹೋಗಿ ಡಾಕ್ಟರಿಗೆ ಹೇಳು. ಬಿಚ್ಚದೆ ಎಣಿಸಿದೆ ಎಂದು ಹೇಳು. ಕೆಲಸ ಹೋದರೆ ಹೋಗಲಿ, ಜೀವ ಹೋದರೆ ಬರುವುದಿಲ್ಲ. ಅಮ್ಮಯ್ಯಳನ್ನು ಬೈಯಬೇಡ. ಅವಳದೇನೂ ತಪ್ಪಿಲ್ಲ, ಅದು ನನಗೆ ಗೊತ್ತು. ನನಗೆ ಉತ್ತರ ಬರೆಯುತ್ತ ಕೂರಬೇಡ. ಹೋಗು.

ಮುನಿಲಕ್ಷ್ಮಮ್ಮ


ಸೂಲಿಬೆಲೆ
16 ಜನವರಿ 2025

ವಾಣಿ,

ಬರೆಯಬೇಡ ಎಂದವಳು ನಾನೇ. ಆದರೂ ಮೂರು ದಿನ ಒಂದು ಸಾಲೂ ಇಲ್ಲವೆಂದರೆ ಹೇಗೆ ತಾಯಿ?

ಕೆಂಪರಾಜು ಹಬ್ಬಕ್ಕೆ ರಜ ಹಾಕಿ ಎತ್ತು ಕಿಚ್ಚು ಹಾಯಿಸಲು ಊರಿಗೆ ಹೋಗಿಬಿಟ್ಟ. ಇವತ್ತು ಬಂದ. ಬಸ್ಸು ನಿಂತ ಕೂಡಲೇ ಹೋಗಿ ಕೈಚಾಚಿದೆ. ತಲೆ ಅಲ್ಲಾಡಿಸಿದ. ನಿನ್ನ ಫೋನ್ ಸ್ವಿಚ್ ಆಫ್ ಅಂತೆ. ಸಂಕ್ರಾಂತಿಯ ಎಳ್ಳು ಬೆಲ್ಲ ತಟ್ಟೆಯಲ್ಲೇ ಉಳಿಯಿತು. ಮಗಳು ಸಕ್ಕರೆ ಅಚ್ಚು ಕೈಗಿಟ್ಟು ಏನೋ ಹೇಳಿದಳು, ಕೇಳಿಸಲಿಲ್ಲ, ಕೇಳುವ ಮನಸ್ಸೂ ಇರಲಿಲ್ಲ.

ನೀನು ಹೇಳಿದೆಯೋ ಇಲ್ಲವೋ? ಆ ಹುಡುಗಿ ಇದ್ದಾಳೋ ಇಲ್ಲವೋ? ಹೇಳದಿದ್ದರೆ ಈ ಕಾಗದ ಹಿಡಿದುಕೊಂಡೇ ಡಾಕ್ಟರ ರೂಮಿಗೆ ಹೋಗು. ನಿನ್ನ ಹತ್ತಿರ ನಾನೂ ಹೇಳಬೇಕಾದದ್ದು ಒಂದಿದೆ. ಮೊದಲು ನಿನ್ನ ಸುದ್ದಿ ಬರಲಿ.

ಮುನಿಲಕ್ಷ್ಮಮ್ಮ


ದೊಡ್ಡಬಳ್ಳಾಪುರ
17 ಜನವರಿ 2025

ಸಿಸ್ಟರ್,

ಕೀರ್ತನ ಬದುಕಿದ್ದಾಳೆ. ಮೊದಲು ಅದನ್ನು ಓದಿಕೊಳ್ಳಿ.

ಸೋಮವಾರ ಸಂಜೆ ಐದೂವರೆಗೆ ನಿಮ್ಮ ಕಾಗದ ಕೈಗೆ ಬಂತು. ನಾನು ಸೋಮವಾರ ಹೇಳಲಿಲ್ಲ. ಇದನ್ನು ಬರೆಯದೆ ಬಿಡಬಹುದಿತ್ತು, ನಿಮಗೆ ಗೊತ್ತೇ ಆಗುತ್ತಿರಲಿಲ್ಲ. ಡಾಕ್ಟರ ರೂಮಿನ ಬಾಗಿಲವರೆಗೂ ಹೋದೆ. ಒಳಗೆ ತಪಾಸಣೆಯವರ ಬಗ್ಗೆ ಫೋನಿನಲ್ಲಿ ನಗುತ್ತಾ ಮಾತಾಡುತ್ತಿದ್ದರು. ವಾಪಸ್ ಬಂದುಬಿಟ್ಟೆ. ಫೋನ್ ಆಫ್ ಮಾಡಿಕೊಂಡು ಮನೆಯಲ್ಲಿ ಬಿದ್ದುಕೊಂಡೆ. ಬೆಳಗಾಗುವ ಹೊತ್ತಿಗೆ ಅವಳ ಜ್ವರ ನೂರಾ ನಾಲ್ಕಾಗಿತ್ತು. ಆ ಒಂದು ರಾತ್ರಿ ನನ್ನ ತಲೆಯ ಮೇಲಿದೆ, ಅದನ್ನು ಯಾರೂ ಇಳಿಸಲಾರರು.

ಹಬ್ಬದ ದಿನ ಬೆಳಿಗ್ಗೆ ಏಳಕ್ಕೆ ಡಾಕ್ಟರ್ ರೌಂಡ್ಸಿಗೆ ಬಂದರು. ಹೇಳಿದೆ. ಅವರ ಮುಖ ಕೆಂಪಾಯಿತು. "ಶೀಟಲ್ಲಿ ಇಪ್ಪತ್ತು ಅಂತ ನೀನೇ ಸೈನ್ ಮಾಡಿದೀಯ. ಈಗ ಇಪ್ಪತ್ತೊಂದು ಅಂತೀಯಾ? ಎಕ್ಸ್‌ರೇ ಕ್ಲೀನಾಗಿದೆ ಅಲ್ವೇನಮ್ಮಾ? ಇನ್ನೊಂದ್ಸಲ ಹೊಟ್ಟೆ ಕುಯ್ಯೋದು ಅಂದ್ರೆ ತಮಾಷೆನಾ?" ಎಂದರು. ಕಪಾಟಿನಿಂದ ಅಮ್ಮಯಮ್ಮನ ಮಾಪ್ ಒಂದನ್ನು ತೆಗೆದುಕೊಂಡು ಎಕ್ಸ್‌ರೇ ರೂಮಿಗೆ ಓಡಿದೆ. ಬರೀ ಆ ಬಟ್ಟೆಯನ್ನೇ ಮೆಷಿನ್ ಕೆಳಗೆ ಇಟ್ಟು ತೆಗೆಸಿದೆ. ತಂದು ಅವರ ಮುಂದೆ ಹಿಡಿದೆ. ಫಿಲ್ಮಿನಲ್ಲಿ ಏನೂ ಇರಲಿಲ್ಲ. ಬಟ್ಟೆ ನನ್ನ ಇನ್ನೊಂದು ಕೈಯಲ್ಲಿತ್ತು.

ಅವರು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೂಗಾಡಲಿಲ್ಲ. ಅವರೇ ಆಂಬುಲೆನ್ಸಿನಲ್ಲಿ ಕೂತು ಸ್ಕ್ಯಾನಿಗೆ ಕರೆದುಕೊಂಡು ಹೋದರು. ಎಡಗಡೆ, ಕರುಳಿನ ಹಿಂದೆ ಇತ್ತು. ಹನ್ನೊಂದಕ್ಕೆ ಮತ್ತೆ ತೆರೆದರು. ನನ್ನನ್ನು ಒಳಗೆ ಬಿಡಲಿಲ್ಲ. ಚೈತ್ರ ಹೊರಗೆ ಬಂದು ಬೆರಳು ತೋರಿಸಿದಳು, ಒಂದು. ಇನ್ನೊಂದು ದಿನ ಬಿಟ್ಟಿದ್ದರೆ ಕರುಳು ತೂತಾಗುತ್ತಿತ್ತಂತೆ.

ಮುನಿರತ್ನಮ್ಮನವರಿಗೆ ಡಾಕ್ಟರೇ ಎಲ್ಲ ಹೇಳಿದರು, ಮುಚ್ಚಿಡಲಿಲ್ಲ. ನಾನೂ ಪಕ್ಕದಲ್ಲಿ ನಿಂತೆ. "ನನ್ ಮಗಳ ಹೊಟ್ಟೆನ ಏನ್ ಗೋಣಿಚೀಲ ಅಂದ್ಕೊಂಡ್ರಾ?" ಎಂದು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. ಅಲ್ಲಾಡಿಸಲಿ ಎಂದು ನಿಂತೆ.

ನನ್ನನ್ನು ಥಿಯೇಟರಿನಿಂದ ಹೊರಗಿಟ್ಟಿದ್ದಾರೆ, ಅದು ಸರಿಯೇ. ಆದರೆ ಅಮ್ಮಯಮ್ಮನನ್ನು ಕೆಲಸದಿಂದಲೇ ತೆಗೆಯುತ್ತಾರಂತೆ. ಕೊಸರು ಹಾಕಲು ನಿನಗೆ ಹೇಳಿದವರು ಯಾರು ಎಂದು ಡಾಕ್ಟರ್ ಎಷ್ಟು ಸಲ ಕೇಳಿದರೂ, "ಯಾರೋ ದೊಡ್ಡೋರು ಹೇಳಿದ್ರು ಸಾಮಿ, ಈಗ ಯಾಕ್ ಬುಡಿ" ಎಂದಳೇ ಹೊರತು ಹೆಸರು ಹೇಳಲಿಲ್ಲ. ಯಾರನ್ನೋ ಕಾಪಾಡುತ್ತಿದ್ದಾಳೆ. ಅದು ಯಾರೆಂದು ನಿಮಗೆ ಗೊತ್ತೇ?

ವಾಣಿ


ಸೂಲಿಬೆಲೆ
18 ಜನವರಿ 2025

ವಾಣಿ,

ಆ ದೊಡ್ಡವಳು ನಾನೇ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಥಿಯೇಟರಿಗೆ ಬರುವ ಹುಡುಗಿಯರು ಕಟ್ಟು ಎಣಿಸಿ ಐದು, ಹತ್ತು, ಹದಿನೈದು ಎಂದು ಬಿಡುತ್ತಿದ್ದರು. ಬೈದು ಸಾಕಾಯಿತು. ಅಮ್ಮಯ್ಯಳನ್ನು ಕರೆದು, "ಸೊಪ್ಪಿನ ಮೇಲೆ ಕೊಸರು ಹಾಕ್ತಿದ್ದೆಯಲ್ಲೇ, ಇದಕ್ಕೂ ಹಾಕು. ನಾಲ್ಕು ಕಟ್ಗೆ ಒಂದು. ಯಾವ್ದರಲ್ಲಿ ಅಂತ ನಂಗೂ ಹೇಳ್ಬೇಡ" ಎಂದೆ. ಬಿಚ್ಚಿ ಎಣಿಸಿದವಳು ಇಪ್ಪತ್ತೊಂದು ಎನ್ನುತ್ತಿದ್ದಳು. ಇಪ್ಪತ್ತು ಎಂದವಳನ್ನು ಕೊಯ್ಯುವ ಮೊದಲೇ ಆಚೆ ಕಳಿಸುತ್ತಿದ್ದೆ. ಹಾಗೆ ಎಷ್ಟು ಹುಡುಗಿಯರನ್ನು ಹಿಡಿದೆ! ಎಷ್ಟು ಬೀಗಿದೆ! ಮೊನ್ನೆ ನಿನಗೆ ಬರೆದ ಕಾಗದದಲ್ಲೂ ಅದನ್ನೇ ಹೇಳಿ ಜಂಬಪಟ್ಟೆ.

ಕಂಪನಿ ಪ್ಯಾಕೆಟ್ ಬಂತು, ನನ್ನ ಆಟ ಮುಗಿಯಿತು ಎಂದುಕೊಂಡೆ. ಆರು ವರ್ಷದ ಹಿಂದೆ, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ಮೈಸೂರುಪಾಕು ತಿಂದು ಬಸ್ ಹತ್ತಿದೆ. ಅಮ್ಮಯ್ಯಾ, ಇನ್ನು ಕೊಸರು ಬೇಡ ಕಣೇ ಎಂಬ ಒಂದು ಮಾತು ಬಾಯಿಂದ ಬರಲಿಲ್ಲ. ಅವಳು ನಂಬಿದವಳು. ಹೇಳಿದ್ದನ್ನು ಬಿಡದೆ ಮಾಡಿಕೊಂಡು ಬಂದಳು. ನಿಮಗೆ ತಪ್ಪು ಆಗದಿರಲಿ ಎಂದು ನಾನು ಇಟ್ಟ ಬಟ್ಟೆಯೇ ಆ ಹುಡುಗಿಯ ಹೊಟ್ಟೆಯೊಳಗೆ ಹೋಯಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಾನು ಮಾಡಿದೆ, ಉಂಡವಳು ಅವಳು.

ಹದಿಮೂರನೆಯ ತಾರೀಖು ನಿನ್ನ ಕಾಗದದಲ್ಲಿ ಕೊಸರು ಎಂಬುದನ್ನು ಓದಿದ ಕೂಡಲೇ ನನಗೆ ಗೊತ್ತಾಯಿತು. ಅವತ್ತೇ ಬರೆಯಬಹುದಿತ್ತು. ಬಸ್ಸು ಹೊರಡುತ್ತಿತ್ತು ಎಂದು ನೆವ ಹೇಳಿಕೊಂಡೆ. ಜೀವ ಹೋದರೆ ಬರುವುದಿಲ್ಲ ಎಂದು ನಿನಗೆ ಬುದ್ಧಿ ಹೇಳಿದ ಕೈ, ನನ್ನ ಹೆಸರು ಬರೆಯದೆ ಕಾಗದ ಮಡಿಸಿತು. ನೀನು ಒಂದು ಸಂಜೆ ಹಿಂಜರಿದೆ. ನಾನು ಐದು ದಿನ.

ಮಂಗಳವಾರ ಕೆಂಪರಾಜುವಿನ ಬಸ್ಸಿನಲ್ಲಿ ಬರುತ್ತೇನೆ. ಡಾಕ್ಟರ ಮುಂದೆ ನಿಂತು ಹೇಳುತ್ತೇನೆ. ಅವರು ಬೈದರೆ ನನಗೆ ಕೇಳಿಸುವುದಿಲ್ಲ, ಆದ್ದರಿಂದ ಬರೆದು ಬೈಯಲಿ ಎಂದು ಒಂದು ನೋಟ್‌ಬುಕ್ ತರುತ್ತೇನೆ. ಅಮ್ಮಯ್ಯಳಿಗೆ ಏನೂ ಹೇಳಬೇಡ. ಅವಳ ಹತ್ತಿರ ನಾನೇ ಹೇಳಬೇಕು.

ಮುನಿಲಕ್ಷ್ಮಮ್ಮ


ದೊಡ್ಡಬಳ್ಳಾಪುರ
27 ಜನವರಿ 2025

ಸಿಸ್ಟರ್,

ನೀವು ಹೋದ ಮೇಲೆ ನಿಮ್ಮ ನೋಟ್‌ಬುಕ್ಕನ್ನು ಡಾಕ್ಟರ್ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದರು. ನಾನು ಕದ್ದು ನೋಡಿದೆ. ಅವರು ಬರೆದದ್ದು ಒಂದೇ ಸಾಲು: "ನಿಮ್ಮ ಕಟ್ಟುಗಳನ್ನು ಆರು ವರ್ಷ ನಾನೂ ಬಿಚ್ಚಿ ನೋಡಲಿಲ್ಲ." ಅದನ್ನು ನೀವು ನನಗೆ ತೋರಿಸಲೇ ಇಲ್ಲ.

ಅಮ್ಮಯಮ್ಮ ಉಳಿದಳು. ಮಾಪ್ ಹೊಲಿಯುವುದು ನಿಂತಿತು, ಮಕ್ಕಳ ಬಟ್ಟೆ, ಬೆಡ್‌ಶೀಟ್ ಅವಳ ಪಾಲಿಗೆ. ನೀವು ಅವಳ ಕಾಲು ಹಿಡಿಯಲು ಹೋದದ್ದನ್ನು ವಾರವಿಡೀ ಎಲ್ಲರಿಗೂ ಹೇಳಿ ಅಳುತ್ತಾಳೆ. "ಸಿಸ್ಟರಮ್ಮ ನನ್ ಕಾಲ್ ಮುಟ್ಟಾದಾ? ನಾನ್ ಯಾವ್ ನರಕಕ್ ಹೋಗ್ಲಿ" ಎಂದು. ಎಣ್ಣೆ ಮಾತ್ರ ದಿನಾ ಹಚ್ಚಿಕೊಳ್ಳುತ್ತಿದ್ದಾಳೆ.

ನನ್ನನ್ನು ಮೂರು ತಿಂಗಳು ಥಿಯೇಟರಿಗೆ ಬಿಡುವುದಿಲ್ಲ. ವಾರ್ಡಿನಲ್ಲಿ ಇದ್ದೇನೆ. ಆ ದಿನದ ಶೀಟಿನಲ್ಲಿ ಇಪ್ಪತ್ತನ್ನು ಹೊಡೆದು ಇಪ್ಪತ್ತೊಂದು ಎಂದು ನನ್ನ ಕೈಯಾರೆ ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡಿದೆ. ತಪಾಸಣೆಯವರಿಗೂ ಅದನ್ನೇ ತೋರಿಸುತ್ತಾರಂತೆ. ಸರ್ಟಿಫಿಕೇಟ್ ಈ ವರ್ಷ ಬರಲಾರದು.

ಇವತ್ತು ಕೀರ್ತನ ಮನೆಗೆ ಹೋದಳು. ಮಗು ಅವಳ ತೊಡೆಯ ಮೇಲೆ, ಆಟೋದಲ್ಲಿ. ನಾನು ಗೇಟಿನ ಹಿಂದೆ ನಿಂತಿದ್ದೆ, ಎದುರಿಗೆ ಹೋಗಲು ಧೈರ್ಯ ಬರಲಿಲ್ಲ. ಮುನಿರತ್ನಮ್ಮನವರೇ ನನ್ನನ್ನು ಕಂಡು ಇಳಿದು ಬಂದರು. ಕೈಯಲ್ಲಿ ಅವರೆಕಾಯಿ ಚೀಲ.

"ನೀನ್ ಮಾಡಿದ್ನ ನಾನ್ ಮರ್ತಿಲ್ಲ ಕಣವ್ವ, ಮರೆಯೋದೂ ಇಲ್ಲ. ನೀನೇ ಬಂದು ಹೇಳ್ದಲ್ಲ, ಅದ್ನೂ ಮರೆಯಲ್ಲ. ಸೆರಗು ಹಿಡಿ" ಎಂದರು. ಯೂನಿಫಾರಂನಲ್ಲಿ ಸೆರಗೆಲ್ಲಿ? ಎರಡೂ ಕೈ ಚಾಚಿದೆ. ಬೊಗಸೆ ತುಂಬ ಕಾಯಿ ಹಾಕಿದರು. ಆಮೇಲೆ ಅಭ್ಯಾಸಬಲದಿಂದ ಚೀಲಕ್ಕೆ ಮತ್ತೆ ಕೈಹಾಕಿ, ಮೇಲೊಂದಿಷ್ಟು ಇಟ್ಟು, "ಇದು ಕೊಸರು" ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರೂ ವಾಪಸ್ ತೆಗೆದುಕೊಳ್ಳಲಿಲ್ಲ, ನಾನೂ ಕೊಡಲಿಲ್ಲ. ಆಟೋ ಹೊರಟಿತು.

ಮನೆಗೆ ಬಂದು ಚಾಪೆಯ ಮೇಲೆ ಸುರಿದು, ಒಂದೊಂದನ್ನೇ ಬೇರೆ ಮಾಡಿ, ಜೋರಾಗಿ ಬಾಯಿಬಿಟ್ಟು ಎಣಿಸಿದೆ. ನಮ್ಮಮ್ಮ ಅಡುಗೆಮನೆಯಿಂದ ಬಂದು, ಯಾಕೇ ಹುಚ್ಚಿ ಎಂದರು. ನೀನೂ ಎಣಿಸಮ್ಮಾ ಎಂದು ಕೂರಿಸಿಕೊಂಡೆ. ಇಬ್ಬರಿಗೂ ಅರವತ್ತಮೂರೇ ಬಂತು. ಸಂಜೆಗೆ ಸಾರು ಮಾಡಿದೆವು.

ನಿಮ್ಮ
ವಾಣಿ